ಫರ್ಗಸ್ ಅಂಕಲ್‌ರ ನಿಷಾದ

ವಿಶಾಲಾಕ್ಷಿಗೆ ಗುರುಭಕ್ತಿ ಸ್ವಲ್ಪ ಜಾಸ್ತಿ. ಅದೇ ಅವಳನ್ನು ಕೆಡಿಸಿತು ಎಂದರೆ ಈಗಲೂ ನನ್ನ ಮೇಲೆ ಮುನಿಸಿಕೊಳ್ಳುತ್ತಾಳೆ. ಮುನಿಸಿಕೊಳ್ಳಲಿ, ನಾನು ಹೇಳುವುದನ್ನು ಬಿಡುವವಳಲ್ಲ.

ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಅವಳ ಗಂಡ ರಮಾಕಾಂತ್ ಭೂವಿಜ್ಞಾನಿ, ಮನೆಗಿಂತ ಗಣಿಯಲ್ಲೇ ಹೆಚ್ಚು ದಿನ ಇರುತ್ತಿದ್ದ. ಮೈಸೂರಿನಲ್ಲಿ ವರ್ಷಗಟ್ಟಲೆ ಪಿಟೀಲು ಕಲಿತ ಹೆಂಗಸು ಇಲ್ಲಿ ಗಣೇಶನ ಹಬ್ಬಕ್ಕೊಂದು ಕೀರ್ತನೆ ನುಡಿಸಿ ಪೆಟ್ಟಿಗೆ ಮುಚ್ಚುತ್ತಿದ್ದಳು. ನೋಡಲಾಗದೆ, 2012ರಲ್ಲಿ ನಾನೇ ಅವಳನ್ನು ಇಲ್ಲಿನ ಜಾನಪದ ಪಿಟೀಲಿನವರು ಶನಿವಾರ ಮಧ್ಯಾಹ್ನ ಸೇರುವ ಕಡೆ ಎಳೆದುಕೊಂಡು ಹೋದೆ. ಅಲ್ಲಿ ಸಿಕ್ಕವರು ಮುದುಕ ಫರ್ಗಸ್. ಅಪ್ಪ ಸ್ಕಾಟ್ಲೆಂಡಿನವರು, ಅಮ್ಮ ಐರ್ಲೆಂಡಿನವರು.

ಅಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವುದು ರೂಢಿ. ನಮ್ಮವಳು ಮಾತ್ರ ಫರ್ಗಸ್ ಮುಗಿಸುವವರೆಗೆ ಕಾದು, ಪಿಟೀಲಿಗೆ ನಮಸ್ಕರಿಸಿ, ಆಮೇಲೆ ಕಮಾನೆತ್ತುತ್ತಿದ್ದಳು. ಉಳಿದವರು ಮುಸಿಮುಸಿ ನಕ್ಕರು. ಫರ್ಗಸ್‌ಗೆ ಅದು ಹಿಡಿಸಿತು. ಮನೆಗೇ ಕರೆದು ಕಲಿಸತೊಡಗಿದರು.

ಕೊನೆಗೆ ಕಲಿಸಿದ್ದು ಅವರ ಮನೆಯದೇ ಒಂದು ರೀಲ್, ಕುಣಿತಕ್ಕೆ ನುಡಿಸುವ ಓಟದ ಮಟ್ಟು. "ನನ್ನ ಮಗಳಿಗೆ ಇದು ಬೇಡ. ಇನ್ನು ಇದು ಉಳಿದರೆ ನಿನ್ನ ಕೈಯಲ್ಲೇ" ಎಂದಿದ್ದರು. ಫೋನಿನಲ್ಲಿ ಹಿಡಿದಿಟ್ಟುಕೊಳ್ಳೇ ಎಂದೆ. ಗುರುಮುಖದಿಂದ ಬಂದದ್ದನ್ನು ಹಾಗೆಲ್ಲ ಮಾಡಬಾರದಂತೆ.

ಆದರೆ ಅದರಲ್ಲಿ ಎರಡು ಕಡೆ ಅವಳ ಕಿವಿಗೆ ಮುಳ್ಳು ಚುಚ್ಚುತ್ತಿತ್ತು. ಒಂದೆಡೆ ಕಮಾನು ಒಂದೇ ಸ್ವರದ ಮೇಲೆ ಮೂರು ಸಲ ಬಿಕ್ಕಳಿಸುತ್ತಿತ್ತು. ಇನ್ನೊಂದೆಡೆ ನಿಷಾದ, ಅಂದರೆ 'ನಿ' ಸ್ವರ, ಅತ್ತ ತಗ್ಗಿನ ಕೈಶಿಕಿಯೂ ಅಲ್ಲ, ಇತ್ತ ಏರಿನ ಕಾಕಲಿಯೂ ಅಲ್ಲ, ನಡುವೆ ಎಲ್ಲೋ ನಿಲ್ಲುತ್ತಿತ್ತು.

"ಪಾಪ ಕಣೆ, ವಯಸ್ಸಾಯ್ತಲ್ಲ, ಕೈ ನಡುಗುತ್ತೆ" ಎಂದಳು ಕಾರಿನಲ್ಲಿ. "ಗುರುಗಳಿಗೆ ಹೋಗಿ ಅಪಸ್ವರ ಬಂತು ಅನ್ನೋಕಾಗುತ್ತಾ? ನಾನೇ ಸರಿಮಾಡ್ಕೊಂಡ್ಬಿಟ್ಟೆ."

2015ರಲ್ಲಿ ಫರ್ಗಸ್ ಅಡಿಲೇಡ್‌ಗೆ, ಮಗಳಿದ್ದ ಮಾಸನ್ ಲೇಕ್ಸ್‌ಗೆ ಹೋದರು. ಮರುವರ್ಷ ಇವಳು ಬ್ರಿಸ್ಬೇನ್‌ನಲ್ಲಿ ಓದುತ್ತಿದ್ದ ಮಗಳು ಅಪೂರ್ವಳನ್ನು ನೋಡಲು ಹೊರಟಳು. ಸೇಂಟ್ ಲೂಸಿಯಾದಲ್ಲಿ ಮಗಳ ಪಿಟೀಲು ಗೆಳೆಯರ ಮುಂದೆ ಆ ರೀಲ್ ನುಡಿಸಿದಳು. ಗುರುಗಳ ಕೈ ಎಲ್ಲೆಲ್ಲಿ ತಪ್ಪುತ್ತಿತ್ತು, ಅದನ್ನು ತಾನು ಹೇಗೆ ತಿದ್ದಿದೆ ಎಂದು ಬಿಡಿಸಿ ಹೇಳಿದಳು, ಜಂಬದಿಂದ. ಯಾರೂ ನಗಲಿಲ್ಲ. ಒಬ್ಬ ಹುಡುಗಿ ಮೆಲ್ಲಗೆ ತಿಳಿಸಿದಳು: ಆ ಬಿಕ್ಕಳಿಕೆ ಸ್ಕಾಟ್ಲೆಂಡಿನವರ ಕಮಾನಿನ ವರಸೆ, ಆ ನಡುವಿನ ನಿಷಾದ ಐರ್ಲೆಂಡಿನ ಹಳಬರದು.

"ಅಮ್ಮಾ, ದೋಸ್ ವರ್ ನಾಟ್ ಮಿಸ್ಟೇಕ್ಸ್" ಎಂದಳು ಅಪೂರ್ವ.

ಅಂದರೆ ಅಪ್ಪನದೊಂದು, ಅಮ್ಮನದೊಂದು. ಮುದುಕ ಉಳಿಸಿಕೊಂಡಿದ್ದ ಆ ಎರಡನ್ನೇ ಇವಳು ಕೈಯಿಂದಲೂ ಕಿವಿಯಿಂದಲೂ ಒರೆಸಿಹಾಕಿದ್ದಳು. ಮತ್ತೆ ಅವರಿಂದಲೇ ಕಲಿತರಾಯಿತು ಎಂದು ಅಡಿಲೇಡ್‌ಗೆ ಟಿಕೆಟ್ ತೆಗೆಸಿದಳು. ನಾನೂ ಪರ್ತ್‌ನಿಂದ ಹೋಗಿ ಸೇರಿಕೊಂಡೆ.

ಫರ್ಗಸ್‌ಗೆ ಅಷ್ಟರಲ್ಲಿ ಲಕ್ವ ಹೊಡೆದಿತ್ತು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮಾತು ತಡವರಿಸುತ್ತಾ ಬರುತ್ತಿತ್ತು, ರಾಗ ಮಾತ್ರ ಬರುತ್ತಿರಲಿಲ್ಲ. ಗುನುಗಲು ಹೋದರೆ ಬರೀ ಗಾಳಿ. ವಿಶಾಲಾಕ್ಷಿ ಪಿಟೀಲು ಹಿಡಿದು ಆ ನಿಷಾದವನ್ನು ಹುಡುಕಿದಳು. ಬೆರಳು ಮೇಲೆ ಹೋಯಿತು, ಕೆಳಗೆ ಬಂತು. ಅವರು ಪ್ರತಿಸಲವೂ ತಲೆಯಾಡಿಸಿದರು, ಅಲ್ಲ ಎಂದು. ಕಮಾನಿನ ವರಸೆಯೂ ಬರಲಿಲ್ಲ. ನನಗೆ ಅಲ್ಲಿ ಕೂರಲಾಗಲಿಲ್ಲ, ಆದರೂ ಕೂತೆ.

ಕೊನೆಗೆ ಅವಳು ಅಳುತ್ತಲೇ ಕೇಳಿದಳು: "ಅಂಕಲ್, ನಾನು ಬದಲಾಯಿಸಿದ್ದು ನಿಮಗೆ ಗೊತ್ತಾಗ್ಲಿಲ್ವಾ?"

"ಮೊದಲ ದಿನವೇ ಗೊತ್ತಾಯಿತು" ಎಂದರು ಫರ್ಗಸ್, ಒಂದೊಂದೇ ಮಾತು ಕೂಡಿಸಿಕೊಂಡು. "ನಿಮ್ಮ ಕಡೆ ಹಾಗೆಯೇ ನುಡಿಸುತ್ತಾರೇನೋ ಅಂದುಕೊಂಡೆ. ಕೇಳುವುದು ಮರ್ಯಾದೆಯಲ್ಲ ಎನಿಸಿತು."

ಆಮೇಲೆ ಬಲಗೈಯಿಂದ ಅವಳ ಕಮಾನನ್ನು ಮುಟ್ಟಿ, ಹೋಗಲಿ, ನಿನಗೆ ಬರುವ ಹಾಗೆಯೇ ನುಡಿಸು ಎಂದರು. ಅವಳು ಕಣ್ಣೊರೆಸಿಕೊಂಡು ನುಡಿಸಿದಳು, ಒಂದೂ ತಪ್ಪಿಲ್ಲದೆ.