ಸದ್ದಡಗಿದ ನಳಿಗೆ

ಬೀದಿಯವರೆಲ್ಲ ಅವಳನ್ನು ‘ಪಿಸ್ಟನ್ ಅಕ್ಕ’ ಎಂದೇ ಕರೆಯುತ್ತಿದ್ದರು. ಊರಾಚೆಯ ಮೈದಾನದಲ್ಲಿ ರಜೆ ಬಂತೆಂದರೆ ಜನ ಎರಡು ಪಂಗಡ ಕಟ್ಟಿಕೊಂಡು, ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಬಂದೂಕುಗಳಲ್ಲಿ ಯುದ್ಧದ ಆಟ ಆಡುತ್ತಿದ್ದರು. ಅಲ್ಲಿ ಕೆಟ್ಟ ಬಂದೂಕುಗಳೆಲ್ಲ ರಿಪೇರಿಗೆ ಬರುತ್ತಿದ್ದದ್ದು ಅವಳ ಮನೆಯ ಮುಂದಿನ ಕೋಣೆಗೆ. ಹೊಲಿಗೆಯಂತ್ರ ಬಿಚ್ಚಿ ಕಟ್ಟಿ ಪಳಗಿದ ಕೈ. ಈ ಕೆಲಸವೂ ಬೇಗ ಹಿಡಿತಕ್ಕೆ ಬಂದಿತ್ತು.

ಮಹಡಿಯಲ್ಲಿ ಅವಳ ಭಾವ, ಅಂದರೆ ಗಂಡನ ಅಣ್ಣ, ಒಬ್ಬನೇ ಇದ್ದ. ತವರಿಗೆ ಹೋದ ಹೆಂಡತಿ ತಿರುಗಿ ಬಂದಿರಲಿಲ್ಲ. ಮಾತು ಕಡಿಮೆ, ನಡತೆ ಬೆಣ್ಣೆಯಂಥದು. ಒಂದು ಬೆಳಿಗ್ಗೆ ಹೊಸ ಬಂದೂಕು ಹಿಡಿದು ಕೆಳಗೆ ಬಂದ. ಪಾರಿವಾಳ ಬೆದರಿಸಲಿಕ್ಕಂತೆ. ಗುರಿ ನೇರವಾಗಬೇಕು, ಸದ್ದು ಬರಬಾರದು ಅಂದ. ಬೆದರಿಸುವುದಕ್ಕೆ ಸದ್ದಿದ್ದರೇ ವಾಸಿಯಲ್ಲವೇ ಎಂದು ಅವಳಿಗೆ ಅನ್ನಿಸಿತು. ಆದರೆ ಭಾವನಿಗೆ ಎದುರಾಡಿ ರೂಢಿಯಿರಲಿಲ್ಲ.

ಅವಳು ವಿವರಿಸಿದಳು. ಪಿಸ್ಟನ್ ನುಗ್ಗಿದಾಗ ಸಿಲಿಂಡರಿನಲ್ಲಿರುವ ಗಾಳಿಯೇ ಗುಂಡನ್ನು ನಳಿಗೆಯಲ್ಲಿ ತಳ್ಳುವುದು. ಗಾಳಿ ಹೆಚ್ಚಾಗಿ ನಳಿಗೆ ಗಿಡ್ಡವಾದರೆ, ಮಿಕ್ಕ ಗಾಳಿ ಗುಂಡಿನ ಬೆನ್ನಿಗೇ ಟಪ್ಪೆಂದು ಸಿಡಿದು ಗುರಿ ಕೆಡಿಸುತ್ತದೆ. ಗಾಳಿ ಸಾಲದೆ ನಳಿಗೆ ಉದ್ದವಾದರೆ, ಗುಂಡು ಅರ್ಧದಾರಿಯಲ್ಲೇ ಸೊರಗುತ್ತದೆ. ಎರಡರ ಅಳತೆ ಕೂಡಿದರೆ ಮಾತ್ರ ನಿಟ್ಟುಸಿರಿನಷ್ಟೇ ಸದ್ದು.

“ಗಂಡ ಹೆಂಡ್ತಿ ಇದ್ದ ಹಾಗೆ ಭಾವ, ಜೋಡಿ ಕೂಡಿ ಬರ್ಬೇಕು,” ಎಂದು ನಕ್ಕವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಅವನು ನಗಲಿಲ್ಲ. “ಕೂಡ್ಸು,” ಎಂದ.

ಕೂಡಿಸಿದಳು. ಅಷ್ಟು ಒಪ್ಪವಾದ ಕೆಲಸ ಅವಳ ಕೈಯಿಂದ ಹಿಂದೆ ಆಗಿರಲಿಲ್ಲ.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಅಂಗಿಗೆ ಗುಂಡಿ ಹಾಕಿಸಲು ಎದುರಿನ ಟೈಲರ್ ಅಂಗಡಿಗೆ ಹೋದಳು. ದಿನಾ ಸಂಜೆ ಕೆಲಸ ಮುಗಿಸಿ ಟೈಲರ್ ಹೊರಗೆ ಸ್ಟೂಲ್ ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದ. ಕೂತವನ ತಲೆಯ ಮಟ್ಟಕ್ಕೆ ಸರಿಯಾಗಿ ಗೋಡೆಯ ಸುಣ್ಣ ಕಿತ್ತು ಪುಟ್ಟ ಪುಟ್ಟ ಗುಳಿಗಳಾಗಿದ್ದವು. ಎಲ್ಲವೂ ಒಂದು ಅಂಗೈಯಗಲದೊಳಗೆ.

“ಮನೆ ಮಾಲೀಕ ಜಿಪುಣ, ಸುಣ್ಣ ನಿಲ್ತಾ ಇಲ್ಲ,” ಎಂದ ಟೈಲರ್.

ಗೋಡೆಯ ಬುಡದಲ್ಲಿ ಬಿಳಿ ಗುಂಡುಗಳು ಬಿದ್ದಿದ್ದವು. ಅವಳು ತಿರುಗಿ ನೋಡಿದಳು. ನೇರ ಎದುರಿಗೆ ಭಾವನ ಕಿಟಕಿ. ಪರದೆ ಒಂದು ಗೇಣು ಸರಿದಿತ್ತು. ಇಷ್ಟು ದೂರದಿಂದ ಇಷ್ಟು ಒತ್ತೊತ್ತಾಗಿ ಹೊಡೆಯುವ ಬಂದೂಕು ಯಾರ ಕೈಕೆಲಸವೆಂದು ಅವಳಿಗೆ ಬೇರೆಯವರು ಹೇಳಬೇಕಿರಲಿಲ್ಲ. ಆ ಗುಂಡು ಕಣ್ಣಿಗೆ ಬಿದ್ದರೆ ಕಣ್ಣು ಹೋದಂತೆಯೇ.

ಗಂಡನಿಗೆ ಹೇಳಿದರೆ, ಹೊಡೆದದ್ದು ಗೋಡೆಗೆ ತಾನೆ, ಕಡ್ಡೀನ ಗುಡ್ಡ ಮಾಡಬೇಡ ಎಂದುಬಿಟ್ಟ. ಅವಳು ಓರಗಿತ್ತಿಗೆ, ಭಾವನ ಹೆಂಡತಿಗೆ, ಫೋನ್ ಮಾಡಿ ಗೋಡೆಯ ವಿಷಯ ಹೇಳಿದಳು.

“ಆಗ ಬೇರೆ ಬಂದೂಕಿತ್ತು,” ಎಂದಳು ಓರಗಿತ್ತಿ. “ನನ್ನ ದಿಂಬಿಗೆ ಹೊಡೀತಿದ್ರು. ಮೊದಮೊದಲು ನಾನು ಏಳೋವರೆಗೆ ಕಾಯ್ತಿದ್ರು. ಆಮೇಲಾಮೇಲೆ ಕಾಯೋದೂ ಬಿಟ್ರು. ಆ ಟೈಲರ್ ಫೋನ್ ಕೊಟ್ಟಿದ್ದಕ್ಕೆ ತವರಿಗೆ ಸುದ್ದಿ ಮುಟ್ಸಿದೆ ಕಣೇ.”

ಪಿಸ್ಟನ್ ಅಕ್ಕ ಸೀದಾ ಮಹಡಿ ಹತ್ತಿದಳು. ಸ್ಪ್ರಿಂಗ್ ಬದಲಿಸಬೇಕೆಂದು ನೆಪ ಹೇಳಿ ಬಂದೂಕು ತಂದಳು. ನಳಿಗೆಯನ್ನು ಮೇಜಿಗೆ ಬಿಗಿದ ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ, ಮೈಭಾರ ಹಾಕಿ ಬಗ್ಗಿಸುವಾಗ ಬಾಗಿಲಲ್ಲಿ ನೆರಳು ಬಿತ್ತು. ಭಾವ ಹಿಂದೆಯೇ ಇಳಿದು ಬಂದಿದ್ದ.

“ಏನ್ ಮಾಡ್ತಿದೀಯ?”

“ನಾನೇ ಜೋಡ್ಸಿದ್ದು ಭಾವ. ನಾನೇ ಮುರೀತಿದೀನಿ. ಗೋಡೆ ನೋಡಿ ಬಂದೆ.”

ಅವನಿಗೆ ಸಿಟ್ಟು ಬರಲಿಲ್ಲ. ಬಗ್ಗಿದ ನಳಿಗೆಯನ್ನೇ ನೋಡಿದ. “ಅಂಗಡೀಲಿ ಇನ್ನೊಂದು ಸಿಗುತ್ತೆ,” ಎಂದು ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿದ.

ಅವಳು ಎಚ್ಚರಿಸಿದ್ದರಿಂದ ಆ ಸಂಜೆಯೇ ಟೈಲರಿನ ಸ್ಟೂಲು ಅಂಗಡಿಯೊಳಗೆ ಸೇರಿತು. ಅತ್ತಿಗೆಯ ಮಾತನ್ನು ಫೋನಿನಲ್ಲಿ ಸ್ವಂತ ಕಿವಿಯಿಂದ ಕೇಳಿದ ಗಂಡ ಬಿಳಿಚಿಕೊಂಡ. ಅಣ್ಣನನ್ನು ವೈದ್ಯರಿಗೆ ತೋರಿಸಿ, ಊರಿನ ಇನ್ನೊಂದು ತುದಿಯಲ್ಲಿದ್ದ ತಂಗಿಯ ಮನೆಯಲ್ಲಿ ಬಿಟ್ಟುಬಂದ. ಭಾವ ತಕರಾರಿಲ್ಲದೆ ಚೀಲ ಹಿಡಿದು ಹೋಗಿದ್ದ. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟರು.

ಮುಂದಿನ ತಿಂಗಳು ನಾದಿನಿಯ ಫೋನ್ ಬಂತು. ಅಣ್ಣ ಆರಾಮಾಗಿದಾರೆ, ಮಾತ್ರೆ ತಗೋತಾರೆ, ಮೊನ್ನೆ ಏನೋ ಉದ್ದದ ಪಾರ್ಸೆಲ್ ಬಂತು, ರೂಮು ಬಿಟ್ಟು ಹೊರಗೇ ಬರೋಲ್ಲ ಎಂದಳು.

“ಕಿಟಕಿಯಿಂದ ಏನು ಕಾಣ್ಸುತ್ತೆ?” ಎಂದು ಕೇಳಿದಳು ಇವಳು.

“ಎದುರುಮನೆ ಅಂಗಳ ಅತ್ತಿಗೆ. ಮಕ್ಕಳು ಆಡ್ತಿರ್ತವೆ. ಅಣ್ಣಂಗೂ ಹೊತ್ತು ಹೋಗುತ್ತೆ.”

ಅವಳು ಬಿಚ್ಚಿಟ್ಟ ಕೆಲಸವನ್ನು ಹಾಗೇ ಬಿಟ್ಟು, ಕೋಣೆಗೆ ಬೀಗವನ್ನೂ ಹಾಕದೆ, ಬೀದಿಗಿಳಿದು ಓಡಿದಳು.