ಮಗ್ಗದ ಮೇಲೆ ನಡೆಯುವ ಕೆಲಸ

ಒಂದು ವಾಕ್ಯ ಇಪ್ಪತ್ತು ವರ್ಷ ನನಗೆ ಬಾಯಿಪಾಠವಾಗಿತ್ತು. 'ಈ ಒಪ್ಪಂದದಲ್ಲಿ ನೇಯ್ಗೆ ಎಂದರೆ ಮಗ್ಗದ ಮೇಲೆ ನಡೆಯುವ ಕೆಲಸ ಮಾತ್ರ.' ಬಾಗಲಕೋಟೆಯ ನವನಗರದ ಒಂದು ಕಚೇರಿಯಲ್ಲಿ, ಅವ್ವನ ಮುಂದೆ, ಅದನ್ನು ಮೊದಲ ಸಲ ಗಟ್ಟಿಯಾಗಿ ಓದಿದವಳು ನಾನೇ. ಆಗ ನನಗೆ ಹತ್ತೊಂಬತ್ತು.

ಅವ್ವ ಇಳಕಲ್ಲಿನಲ್ಲಿ ಕಂಡಕಿ ಸುತ್ತುತ್ತಿದ್ದಳು. ಕಂಡಕಿ ಅಂದರೆ ಲಾಳಿಯ ಹೊಟ್ಟೆಯೊಳಗೆ ಕೂಡುವ ನೂಲಿನ ಸಣ್ಣ ಸುರುಳಿ. ಅದಿಲ್ಲದೆ ಅಡ್ಡ ನೂಲಿನ ಹೊಕ್ಕು ಇಲ್ಲ, ಹೊಕ್ಕು ಇಲ್ಲದೆ ಸೀರೆ ಇಲ್ಲ. ನಮ್ಮ ಓಣಿಯಲ್ಲಿ ಗಂಡಸರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುವಾಗ, ಹೆಂಗಸರು ಪಡಸಾಲೆಯಲ್ಲಿ ಕುಳಿತು ರಾಟಿ ತಿರುಗಿಸುತ್ತಿದ್ದರು. ಮುಂಜಾನೆ ರೊಟ್ಟಿ ಮುಗಿದ ಮೇಲೆ ಹಿಡಿದ ರಾಟಿಯನ್ನು ಅವ್ವ ದೀಪ ಹಚ್ಚುವ ಹೊತ್ತಿಗೆ ಬಿಡುತ್ತಿದ್ದಳು. ನಾನು ಕಾಲೇಜಿಗೆ ಹೋಗುವಷ್ಟರಲ್ಲಿ ಅವಳ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳಲು ನನ್ನನ್ನೇ ಕರೆಯುತ್ತಿದ್ದಳು.

ಆ ವರ್ಷ ಕೈಕಸುಬಿನವರಿಗೆ ನೆರವು ಕೊಡುವ ಯೋಜನೆಯೊಂದು ಬಂದಿದೆ ಎಂದು ಊರಲ್ಲಿ ಸುದ್ದಿಯಾಯಿತು. ಅವ್ವ ಏಳು ಹೆಂಗಸರನ್ನು ಕೂಡಿಸಿದಳು. ನಮ್ಮ ಮನೆತನದ ಮೂವರು, ಹಿಂದಿನ ಓಣಿಯ ಮುಸಲ್ಮಾನರ ಮನೆಯ ನಾಲ್ವರು. ಅವರಲ್ಲಿ ಹಿರಿಯಳನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಕಂಡಕಿ ಸುತ್ತುವ ಸಣ್ಣ ಯಂತ್ರಗಳು, ಅವನ್ನು ಇಟ್ಟುಕೊಂಡು ಕೂಡಲು ಒಂದು ಜಾಗ, ಇಷ್ಟೇ ಅವರು ಕೇಳಿದ್ದು. ಅರ್ಜಿ ಬರೆದವಳು ನಾನು. ಮೂರು ಸಲ ತಿದ್ದಿ ಬರೆದಿದ್ದೆ.

ಮೂರು ತಿಂಗಳ ನಂತರ ಕಚೇರಿಯಿಂದ ಕರೆ ಬಂತು. ಅವ್ವ ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟುಕೊಂಡಳು. ನಾನು, ಅವ್ವ, ಹಿಂದಿನ ಓಣಿಯ ಖಾಲಾ, ಮೂವರೂ ಬಸ್ಸು ಹತ್ತಿ ನವನಗರಕ್ಕೆ ಹೋದೆವು.

ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿ ಆಗ ನಡುವಯಸ್ಸಿನವ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನ ಟೇಬಲ್ಲಿನ ಮುಂದೆ ಎರಡು ಕುರ್ಚಿ ಖಾಲಿ ಇದ್ದವು. ಕೂಡಿರಿ ಅನ್ನಲಿಲ್ಲ.

"ಯಾರ್ ಬರದದ್ದು ಇದನ್ನ?"

"ನಾನ್ರಿ," ಅಂದೆ.

"ಅಕ್ಷರ ಚಲೋ ಅದಾವ." ಡ್ರಾವರಿನಿಂದ ಯೋಜನೆಯ ಒಪ್ಪಂದದ ಪ್ರತಿ ತೆಗೆದು, ಒಂದು ಸಾಲಿನ ಕೆಳಗೆ ಬೆರಳು ಇಟ್ಟು ನನ್ನ ಕಡೆ ತಿರುಗಿಸಿದ. "ಇದನ್ನ ನಿಮ್ಮವ್ವಗ ಓದಿ ಹೇಳು. ಗಟ್ಟಿಯಾಗಿ."

ನಾನು ಓದಿದೆ. ಅದರ ಅರ್ಥ ಏನೆಂದು ನನಗೆ ಓದಿ ಮುಗಿಸಿದ ಮೇಲೆ ತಿಳಿಯಿತು.

ಅವನು ಅವ್ವನನ್ನು ಕೇಳಿದ: "ಕಂಡಕಿ ಎಲ್ಲಿ ಸುತ್ತತೀರಿ?"

"ಮನ್ಯಾಗ್ರಿ, ಪಡಸಾಲ್ಯಾಗ."

"ಮಗ್ಗದ ಮ್ಯಾಲೆ ಅಲ್ಲಲಾ?"

"ಅಲ್ರಿ ಸಾಹೇಬ್ರ. ಆದ್ರ ಕಂಡಕಿ ಇಲ್ದ ಮಗ್ಗ ಹೆಂಗ್..."

"ಅದನ್ನ ನಾ ಕೇಳಿಲ್ಲ. ನಿನ್ನ ಮಗಳೇ ಓದಿದ್ಲಲ್ಲ, ಕೇಳಿದಿ ಇಲ್ಲ? ರಾಟಿ ತಿರಗಸೂದು ಮನಿ ಕೆಲಸ. ಇದಕ್ಕ ಹೂಂ ಅಂದ್ರ ನಾಳೆ ರೊಟ್ಟಿ ಬಡಿಯಾಕೂ ಅರ್ಜಿ ತಗೊಂಡ್ ಬರ್ತೀರಿ."

ಪಕ್ಕದ ಟೇಬಲ್ಲಿನಲ್ಲಿದ್ದ ಇಬ್ಬರು ನಕ್ಕರು. ಖಾಲಾ ಅವ್ವನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಬಸ್ಸು ಅಮೀನಗಡ ದಾಟಿತು. ಆಮೇಲೆ ಅವ್ವ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ನೀ ಯಾಕ್ ಓದಿದಿ?" ಅಂದಳು.

ಇಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೋ ಏನೋ. ಆದರೆ ಅದೇ ವರ್ಷ ಅದೇ ಯೋಜನೆಯಲ್ಲಿ, ಆ ಅಧಿಕಾರಿಯ ಬೀಗರೊಬ್ಬರ ಸಂಘಕ್ಕೆ 'ನೇಯ್ಗೆ ತರಬೇತಿ ಕೇಂದ್ರ' ಎಂದು ಒಂದು ಸಭಾಭವನ ಎದ್ದಿತು. ಮೂಲೆಯಲ್ಲಿ ಒಂದು ಮಗ್ಗ ಇಟ್ಟರು. ಮಗ್ಗ ಇತ್ತಲ್ಲ, ಅಂದಮೇಲೆ ಅಲ್ಲಿ ನಡೆದದ್ದೆಲ್ಲ ಮಗ್ಗದ ಮೇಲಿನ ಕೆಲಸ. ಎರಡು ವರ್ಷದಲ್ಲಿ ಆ ಮಗ್ಗದ ಮೇಲೆ ಮದುವೆಗೆ ಬಾಡಿಗೆ ಕೊಡುವ ಕುರ್ಚಿಗಳನ್ನು ಒಟ್ಟಿದ್ದರು. ನಾನೇ ಹೋಗಿ ಕಿಟಕಿಯಿಂದ ಇಣುಕಿ ನೋಡಿ ಬಂದೆ. ಆ ವಾಕ್ಯವನ್ನು ಬರೆದದ್ದೂ ಆತನೇ ಎಂದು ಆ ಕಚೇರಿಯ ಗುಮಾಸ್ತರೊಬ್ಬರು ಮುಂದೆ ಎಂದೋ ಹೇಳಿದರು. ಮೇಲಿನವರು 'ನೇಯ್ಗೆ ಹಾಗೂ ಅದಕ್ಕೆ ಸಂಬಂಧಿಸಿದ ಕೆಲಸ' ಎಂದು ಕಳಿಸಿದ್ದರಂತೆ. ಸಂಬಂಧವನ್ನು ಕಡಿದವನು ಈತ.

ಆವತ್ತಿನಿಂದ ನಾನು ಆತ ಸಾಯಲಿ ಎಂದು ಒಂದು ದಿನವೂ ಬೇಡಿಕೊಂಡಿಲ್ಲ. ಆತ ಗಟ್ಟಿಮುಟ್ಟಾಗಿ ಬದುಕಿರಲಿ, ಒಂದು ದಿನ ಕೈಯಲ್ಲಿ ಫೈಲು ಹಿಡಿದು ನನ್ನ ಟೇಬಲ್ಲಿಗೆ ಬರಲಿ ಎಂದು ಬೇಡಿಕೊಂಡೆ.

ಡಿಗ್ರಿ ಮುಗಿಸಿ ಬಾಗಲಕೋಟೆಯ ಒಬ್ಬ ವಕೀಲರ ಹತ್ತಿರ ಟೈಪಿಂಗಿಗೆ ಸೇರಿದೆ. ಕರಾರುಪತ್ರ, ಬಾಡಿಗೆ ಚೀಟಿ, ಪಾಲುಪಟ್ಟಿ, ಬಂದದ್ದನ್ನೆಲ್ಲ ಟೈಪು ಮಾಡಿದೆ. 'ಮಾತ್ರ', 'ಹಾಗೂ', 'ಅಥವಾ', ಇಷ್ಟು ಸಣ್ಣ ಶಬ್ದಗಳು ಯಾರನ್ನು ಒಳಗೆ ಬಿಡುತ್ತವೆ, ಯಾರನ್ನು ಹೊರಗೆ ನಿಲ್ಲಿಸುತ್ತವೆ ಎಂದು ಅಲ್ಲಿ ಕಲಿತೆ. ಒಂಬತ್ತು ವರ್ಷದ ಮೇಲೆ ನವನಗರದಲ್ಲಿರುವ ಒಂದು ದತ್ತಿ ಸಂಸ್ಥೆಗೆ ಸೇರಿದೆ. ನೆರವು ಪಡೆಯುವ ಸಂಘಗಳ ಜೊತೆ ಕನ್ನಡದಲ್ಲಿ ಒಪ್ಪಂದ ಬರೆಯುವುದು ನನ್ನ ಕೆಲಸ.

ಕೆಲವು ವರ್ಷದ ಹಿಂದೆ ನಮ್ಮ ಸಂಸ್ಥೆ ಬಾದಾಮಿ, ಹುನಗುಂದ, ಇಳಕಲ್ ಕಡೆಯ ಕೈಕಸುಬಿನವರಿಗೆ ಅನುದಾನ ಕೊಡಬೇಕೆಂದು ಗೊತ್ತುಮಾಡಿತು. ನಿರ್ದೇಶಕರು ನನ್ನನ್ನು ಕರೆದು, "ಯಾವ್ಯಾವ ಕೆಲಸಕ್ಕ ಕೊಡಬೇಕು, ಯಾವ್ದಕ್ಕ ಇಲ್ಲ, ಅರ್ಹ ಯೋಜನೆಗಳ ಪಟ್ಟಿ ನೀವೇ ಬರೀರಿ. ಒಂದೊಂದರ ವ್ಯಾಖ್ಯೆ ಚೊಕ್ಕ ಇರಲಿ," ಅಂದರು. ನಾನು ಎದ್ದು ಬರುವಾಗ ಒಂದು ಮಾತು ಸೇರಿಸಿದರು. "ಹುನಗುಂದದಾಗ ರಿಟೈರ್ ಆದ ಅಧಿಕಾರಿ ಒಬ್ರು ಸಂಸ್ಥೆ ನಡಸ್ತಾರ. ತರಬೇತಿ ಭವನ ಕಟ್ಟಬೇಕಂತ ಆಗ್ಲೇ ಎರಡ್ ಸಲ ಫೋನ್ ಮಾಡ್ಯಾರ. ಅವರಿಗೂ ಅನುಕೂಲ ಆಗೋಹಂಗ ನೋಡ್ರಿ." ಹೆಸರು ಹೇಳಿದರು. ಆತನದೇ.

ಹಸಿವಾದವರಿಗೆ ಎಡೆ ಹಾಕಿದಾಗ ಆಗುವಂಥ ಸಂತೋಷವಾಯಿತು.

ಹನ್ನೆರಡು ದಿನ ಬರೆದೆ. ಮೊದಲಿಗೆ, ನೇಯ್ಗೆ ಎಂದರೆ ನೂಲು ಮನೆಗೆ ಬಂದ ಗಳಿಗೆಯಿಂದ ಸೀರೆ ಮಡಚುವ ತನಕದ ಎಲ್ಲ ಕೈಕೆಲಸ, ಬಣ್ಣ ಹಾಕುವುದು, ಹಾಸು ಹೂಡುವುದು, ಕಂಡಕಿ ಸುತ್ತುವುದು ಸೇರಿ, ಎಂದು ಬರೆದೆ. ಅದು ಅವ್ವನದು. ಆಮೇಲಿನವು ಆತನನ್ನು ತಡೆಯಲು. ಅರ್ಜಿ ಹಾಕುವ ಸಂಘದಲ್ಲಿ ನಿರ್ಣಯ ತೆಗೆದುಕೊಳ್ಳುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಸ್ವತಃ ಆ ಕಸುಬು ಮಾಡುವವರಾಗಿರಬೇಕು. ತರಬೇತಿ ಎಂದರೆ ಕಸುಬಿನವರ ಮನೆಯಲ್ಲಿ, ಅವರು ದಿನಾ ಬಳಸುವ ಮಗ್ಗ ಅಥವಾ ರಾಟಿಯ ಮೇಲೆ ಕಲಿಸುವುದು. ಹೊಸ ಕಟ್ಟಡ ಯಾವ ಹೆಸರಿನಲ್ಲೂ ಅರ್ಹವಲ್ಲ. 'ಯಾವ ಹೆಸರಿನಲ್ಲೂ' ಎಂಬಲ್ಲಿ ಪೆನ್ನು ಒತ್ತಿ ಬರೆದೆ. ಪ್ರತಿ ಸಾಲನ್ನೂ ಆತನ ಕಣ್ಣಿನಿಂದ ಓದಿ, ಎಲ್ಲಿ ನುಸುಳಬಹುದು ಎಂದು ಹುಡುಕಿ, ಅಲ್ಲಿ ಮುಚ್ಚಿದೆ. ಸಮಿತಿ ಅದನ್ನು ಒಂದೇ ಸಭೆಯಲ್ಲಿ ಒಪ್ಪಿತು.

ಆತ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂಗಿ ಮಾತ್ರ ಹಾಗೇ ಇತ್ತು. ನನ್ನ ಗುರುತು ಹತ್ತಲಿಲ್ಲ.

"ನಿರ್ದೇಶಕರು ನಿಮ್ಮನ್ನ ನೋಡಂದ್ರು ತಂಗಿ."

"ಕೂಡ್ರಿ," ಅಂದೆ. ಪಟ್ಟಿಯನ್ನು ಕೊಟ್ಟೆ. ಗಟ್ಟಿಯಾಗಿ ಓದಿಸಬೇಕೆಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಆದರೆ ಆತ ಮನಸ್ಸಿನಲ್ಲೇ ಓದಿಕೊಂಡ, ಎರಡು ಸಲ. ಎರಡನೇ ಸಲ ಓದುವಾಗ ಬೆರಳು ಒಂದೊಂದೇ ಸಾಲಿನ ಕೆಳಗೆ ನಿಲ್ಲುತ್ತಿತ್ತು. ಆ ಬೆರಳನ್ನೇ ನೋಡುತ್ತಾ ಕುಳಿತಿದ್ದೆ.

"ಇದನ್ನ ಯಾರ್ ಬರದದ್ದು?"

"ನಾನ್ರಿ."

"ಚಲೋ ಬರದೀರಿ. ಎಲ್ಲೂ ಕಿಂಡಿ ಬಿಟ್ಟಿಲ್ಲ." ನಿಜವಾಗಿಯೇ ಮೆಚ್ಚಿ ಅಂದ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ನಿಮ್ಮಿಂದನ ಕಲತೇನ್ರಿ," ಅಂದು ಎಲ್ಲವನ್ನೂ ಹೇಳಿದೆ. ಅವ್ವ, ಖಾಲಾ, ಖಾಲಿ ಕುರ್ಚಿ, ರೊಟ್ಟಿ ಬಡಿಯುವ ಮಾತು. ಆ ವಾಕ್ಯವನ್ನೂ ಹೇಳಿದೆ.

ಆತ ನೆನಪು ಮಾಡಿಕೊಳ್ಳಲು ನೋಡಿದ. "ಅಂಥವ್ರು ದಿನಾ ಬರ್ತಿದ್ರು. ನಾ ನಿಯಮ ಏನಿತ್ತೋ ಅದನ್ನ ನೋಡೇನಿ."

"ನಿಯಮ ಬರದಾವ್ರೂ ನೀವೇ ಅಲ್ರಿ?"

ಆತ ಪಟ್ಟಿಯನ್ನು ಟೇಬಲ್ಲಿನ ಮೇಲಿಟ್ಟ. "ಹಂಗಾರ ಇದು ನನ್ನ ಸಲುವಾಗೇ ಬರದದ್ದೇನು?"

ಇಲ್ಲ ಅನ್ನಬೇಕಿತ್ತು. ನೌಕರಿಯ ಪ್ರಶ್ನೆ. "ಹೌದ್ರಿ," ಅಂದೆ.

ಆ ವಾರವೇ ಆತ ಸಮಿತಿಗೆ ದೂರು ಕೊಟ್ಟ. ಸಮಿತಿಯ ಹಿರಿಯರು ನನ್ನನ್ನು ಕರೆದು, ಪಟ್ಟಿ ಆತನ ಸಲುವಾಗೇ ಬರೆದದ್ದು ಖರೆ ಏನು ಎಂದು ಕೇಳಿದರು. ಖರೆ ಎಂದೆ. "ಆದ್ರ ಅದರಾಗಿನ ಯಾವ ಶಬ್ದ ಅನ್ಯಾಯದ್ದು ಅನಸ್ತದೋ ಅದನ್ನ ಹೊಡದ್ ಹಾಕ್ರಿ. ನಾ ಏನೂ ಅನ್ನೂದಿಲ್ಲ." ಅವರು ಸಾಲು ಸಾಲು ಓದಿದರು. ಕಸುಬು ಮಾಡುವವರೇ ನಿರ್ಣಯ ಮಾಡಬೇಕು ಎನ್ನುವುದನ್ನು ಅನ್ಯಾಯ ಎಂದು ಯಾರಿಗೂ ಅನ್ನಲಾಗಲಿಲ್ಲ. ನನ್ನನ್ನು ಬೈದರು, ಪಟ್ಟಿಯನ್ನು ಹಾಗೇ ಬಿಟ್ಟರು. ಆತನ ಅರ್ಜಿಯನ್ನು ತಿರಸ್ಕರಿಸಿದ ಪತ್ರವನ್ನು ನಾನೇ ಟೈಪು ಮಾಡಿದೆ.

ಭಾನುವಾರ ಇಳಕಲ್ಲಿಗೆ ಹೋಗಿ ಅವ್ವನಿಗೆ ಹೇಳಿದೆ. ಖಾಲಾ ಆಗಲೇ ತೀರಿಹೋಗಿದ್ದಳು. ಅವ್ವ ಅಕ್ಕಿ ಆರಿಸುವುದನ್ನು ಬಿಟ್ಟು ಕೇಳಿದಳು. ಮುಗಿದ ಮೇಲೆ, "ಮತ್ತೊಮ್ಮೆ ಹೇಳು," ಅಂದಳು. ಎರಡನೇ ಸಲ ನಡುವೆ ತಡೆದಳು.

"ಅವಗ ಕುರ್ಚಿ ಕೊಟ್ಟಿದ್ದೇನು?"

"ಕೊಟ್ಟಿದ್ನಿ."

"ಯಾಕ್ ಕೊಟ್ಟಿ?"

"ವಯಸ್ಸಾಗೇತಿ ಬೇ ಅವಗ."

"ನಾನೂ ಹೊತ್ತೇರಿದ ಬಿಸಲಾಗ ಬಸ್ಟ್ಯಾಂಡಿನಿಂದ ನಡಕೋತ ಹೋಗಿದ್ನಿ," ಅಂದಳು. ಆ ದಿನ ಸಂಜೆ ತನಕ ಅದೊಂದೇ ಅವಳಿಗೆ ಸರಿ ಬರಲಿಲ್ಲ.

ಇಳಕಲ್ ಕಡೆಯ ಗುಡೂರಿನ ಹೆಂಗಸರು ಬಂದದ್ದು ಇದಾದ ಒಂದು ತಿಂಗಳಿಗೆ. ಆರು ಜನ, ಎಲ್ಲರೂ ಕಂಡಕಿ ಸುತ್ತುವವರು, ಸಂಘದ ನಿರ್ಣಯವೆಲ್ಲ ಅವರದೇ. ಅವರ ಮುಖಂಡಳು ನನ್ನ ವಯಸ್ಸಿನವಳು. ಮನೆಗಳು ಸಣ್ಣವು, ರಾಟಿ ಇಡಲು ಜಾಗ ಇಲ್ಲ, ಬೇವಿನ ಗಿಡದ ಕೆಳಗೆ ಸುತ್ತುತ್ತೇವೆ, ಮಳೆ ಬಂದರೆ ನೂಲು ತೊಯ್ದು ಬಣ್ಣ ಬಿಡುತ್ತದೆ, ಒಂದು ಸಣ್ಣ ಶೆಡ್ಡು ಬೇಕು ಎಂದಳು.

ಶೆಡ್ಡು ಅಂದರೆ ಹೊಸ ಕಟ್ಟಡ. ಯಾವ ಹೆಸರಿನಲ್ಲೂ ಅರ್ಹವಲ್ಲ.

ಅವಳ ಮುಂದೆ ಆ ಸಾಲನ್ನು ಓದಿದೆ. ಅವಳು ವಾದ ಮಾಡಲಿಲ್ಲ. "ಹಂಗ ಬರದಿದ್ರ ನೀವರ ಏನ್ ಮಾಡ್ತೀರಿ ಅಕ್ಕಾರ," ಎಂದು ನನಗೇ ಸಮಾಧಾನ ಹೇಳಿ ಹೋದಳು.

ಮರುದಿನವೇ ಸಮಿತಿಗೆ ತಿದ್ದುಪಡಿ ಕೇಳಬಹುದಿತ್ತು. ಕೇಳಲಿಲ್ಲ. ಕಟ್ಟಡದ ಸಾಲನ್ನು ತೆರೆದರೆ ಆತ ಮತ್ತೆ ಬರುತ್ತಾನೆ, ನಾಲ್ಕು ಜನ ನೇಕಾರರ ಸಹಿ ಮಾಡಿಸಿಕೊಂಡು ಸಂಘವನ್ನೇ ಹೊಸದಾಗಿ ತೋರಿಸುತ್ತಾನೆ ಎಂದು ನನಗೆ ಗೊತ್ತಿತ್ತು. ಆತನನ್ನು ಹೊರಗೆ ಇಡಲು ಗುಡೂರಿನವರನ್ನೂ ಹೊರಗೆ ಇಟ್ಟೆ. ಗೊತ್ತಿದ್ದೇ ಇಟ್ಟೆ. ಒಂದು ಮಳೆಗಾಲ ಪೂರ್ತಿ ಹೋಯಿತು.

ಮುಂದಿನ ವರ್ಷ ಪಟ್ಟಿಯನ್ನು ಮರುಪರಿಶೀಲಿಸುವಾಗ ನನಗೆ ಬೇಕಾದ ಶಬ್ದ ಸಿಕ್ಕಿತು. 'ಗೋಡೆ ಇಲ್ಲದ ನೆರಳು. ಅಂದರೆ ಕಂಬಗಳ ಮೇಲೆ ತಗಡು ಹೊದಿಸಿದ, ನಾಲ್ಕೂ ಕಡೆ ತೆರೆದಿರುವ ಕೆಲಸದ ಜಾಗ.' ಗೋಡೆ ಇಲ್ಲದಿದ್ದರೆ ಅದನ್ನು ಭವನ ಎಂದು ಬಾಡಿಗೆಗೆ ಕೊಡಲಾಗದು. ಆತ ಮತ್ತೆ ಅರ್ಜಿ ಹಾಕಲಿಲ್ಲ. ಗುಡೂರಿಗೆ ಮಂಜೂರಾಯಿತು.

ಕೆಲಸ ಮುಗಿದ ಮೇಲೆ ನೋಡಲು ಹೋದೆ. ತಗಡಿನ ಕೆಳಗೆ ಐದು ಜನ ಕುಳಿತಿದ್ದರು. ಅವರ ಮುಖಂಡಳು ಇರಲಿಲ್ಲ. ಎಲ್ಲಿ ಎಂದು ಕೇಳಿದೆ.

"ಆಕಿ ಬಿಟ್ಲರಿ. ಹ್ವಾದ ಮಳಿಗಾಲ ಆಕಿ ನೂಲೆಲ್ಲ ತೊಯ್ದು ಹಾಳಾತು, ಮಾಲಕರು ಆಕಿಗೆ ನೂಲು ಕೊಡೂದ ನಿಲ್ಲಿಸಿದ್ರು. ಈಗ ಇಳಕಲ್ಲಿಗೆ ಕಲ್ಲಿನ ಫ್ಯಾಕ್ಟರಿಗೆ ಹೋಗ್ತಾಳ, ಪಾಲಿಶ್ ಕೆಲಸಕ್ಕ," ಎಂದಳು ಒಬ್ಬಳು.

ಅವರು ಕೊಟ್ಟ ಚಹಾ ಕುಡಿದೆ. ಬಸ್ಸಿನಲ್ಲಿ ಬರುವಾಗ ಇದನ್ನೂ ಆತನ ಹೆಸರಿಗೇ ಬರೆಯಲು ನೋಡಿದೆ. ಆತ ಹಾಗೆ ಮಾಡದಿದ್ದರೆ ನಾನು ಹೀಗೆ ಬರೆಯುತ್ತಿರಲಿಲ್ಲ, ಎಂದು. ಎಷ್ಟು ತಿರುಗಿಸಿದರೂ ಅದು ಕೂಡಲಿಲ್ಲ. ಆ ಸಾಲು ನನ್ನದು.

ಆತನ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಹೋದ ತಿಂಗಳು ಹುನಗುಂದದಲ್ಲಿ ಒಂದು ಮದುವೆಯಲ್ಲಿ ಸಿಕ್ಕಿದ್ದ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೇ ಬಂದು ಕುಳಿತ, ನನ್ನನ್ನು ನೋಡಿ ಎದ್ದು ಬೇರೆ ಸಾಲಿಗೆ ಹೋದ. ನಾನು ಹೋಳಿಗೆ ಇನ್ನೊಂದು ಹಾಕಿಸಿಕೊಂಡೆ.