ಗಡಿಯಾಚೆಯಿಂದ ಬಂದ ಆಮೆ

ಅವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಶಾಲೆಗೆ ಹೊರಡುವ ಮುನ್ನ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು, ದಂಟಿನ ಸೊಪ್ಪನ್ನು ಆ ಉಗುರಿನಿಂದ ಚಿವುಟಿ ಚಿವುಟಿ ಆಮೆಯ ಮುಂದೆ ಇಡುತ್ತಿದ್ದರು. ಎಡಗೈಯೋ ಬಲಗೈಯೋ, ಬರೆಯುತ್ತಿರುವ ಹಾಗೇ ಅನುಮಾನ ಬರುತ್ತಿದೆ. ಹಸಿರು ಮಾತ್ರ ನಿಜ.

ಚಿಂತಾಮಣಿಯಲ್ಲಿ ನಮ್ಮ ಪಕ್ಕದ ಮನೆಯವರು. ಪ್ರೈಮರಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಇಡೀ ಬೀದಿಗೆ ಟೀಚರಮ್ಮ. ಮದುವೆಯಾಗಿರಲಿಲ್ಲ. ನಾವು ತಪ್ಪು ಬರೆದರೆ ಅಳಿಸಲು ಬಿಡುತ್ತಿರಲಿಲ್ಲ. "ಅದು ಹಂಗೇ ಇರ್ಲಿ, ಪಕ್ಕದಲ್ಲಿ ಸರಿಯಾಗಿ ಬರಿ" ಎನ್ನುತ್ತಿದ್ದರು. ನಮ್ಮೊಡನೆಲ್ಲ ಕನ್ನಡ, ಆಮೆಯ ಜೊತೆ ಮಾತ್ರ ತೆಲುಗು: "ರಾ ನಾಯನಾ, ತಿನು." ಅದು ಅವರ ಅಪ್ಪನ ಭಾಷೆ. ಗಡಿಯಾಚೆ, ಆಂಧ್ರದ ಕಡೆ, ಅಪ್ಪನಿಗೆ ಬೆಟ್ಟದ ಬುಡದಲ್ಲಿ ಕಡಲೆಕಾಯಿ ಹೊಲವಿತ್ತು. ತಾಯಿ ತೀರಿಕೊಂಡ ವರ್ಷ ಅಳು ನಿಲ್ಲಿಸದ ಮಗಳಿಗೆಂದು ಅಪ್ಪ ಅಲ್ಲಿಂದ ಟವೆಲ್ಲಿನಲ್ಲಿ ಸುತ್ತಿ ತಂದದ್ದು ಈ ನಕ್ಷತ್ರ ಆಮೆ. ಆಗಿನ್ನೂ ಅದನ್ನು ಸಾಕಬಾರದೆಂಬ ಕಾನೂನೇ ಇರಲಿಲ್ಲ. ಕಾನೂನು ಬಂದ ಮೇಲೂ ನಮ್ಮ ಬೀದಿಯಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ.

ಗೊತ್ತು ಮಾಡಿದ್ದು ಗಲ್ಫಿನಿಂದ ರಜೆಗೆ ಬಂದ ಅವರ ತಮ್ಮನ ಮಗ. ನಾನಾಗ ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದೆ, ಊರಿಗೆ ಬಂದಿದ್ದೆ. ಆತ ಆಮೆಯನ್ನು ನೋಡಿ ನಕ್ಕ.

"ಅತ್ತೆ, ಅಲ್ಲಿ ಇದನ್ನ ಗಾಜಿನ ಪೆಟ್ಟಿಗೇಲಿಟ್ಟು ಮಾರ್ತಾರೆ, ಬಿಲ್ಲೂ ಕೊಡ್ತಾರೆ. ಇಲ್ಲಿ ಇಟ್ಕೊಂಡ್ರೆ ನಿಮ್ಮನ್ನೇ ಒಳಗೆ ಹಾಕ್ತಾರೆ."

ಟೀಚರಮ್ಮ ಸೊಪ್ಪು ಚಿವುಟುವುದನ್ನು ನಿಲ್ಲಿಸಿದರು. "ಅಲ್ಲಿರೋವು ಅಲ್ಲಿಗೆ ಎಲ್ಲಿಂದ ಹೋದ್ವಪ್ಪ?"

ನಮ್ಮ ಕಡೆಯ ಬೆಟ್ಟಗಳಿಂದ ಆಮೆಗಳನ್ನು ಮೂಟೆಯಲ್ಲಿ ತುಂಬಿ ಹೊರದೇಶಕ್ಕೆ ಕದ್ದು ಸಾಗಿಸುವ ಸುದ್ದಿ ಪೇಪರಿನಲ್ಲಿ ಬರುತ್ತಿತ್ತು. ಟೀಚರಮ್ಮ ಅದನ್ನು ಓದಿದ್ದರು.

ಆತ ಹೊರಟುಹೋದ ಮೇಲೆ, ಯಾರೂ ಹೇಳದೆ, ಅವರೇ ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಅರಣ್ಯ ಇಲಾಖೆಯ ಆಫೀಸಿಗೆ ಹೋದರು. ಜೊತೆಗೆ ನಾನೂ ಹೋದೆ. ಅವರು ಕೇಳಿದ್ದು ಒಂದೇ: ಅಪ್ಪನ ಹೊಲದ ಮೇಲಿನ ಇಳಿಜಾರಿನಲ್ಲಿ ಅದನ್ನು ಬಿಡಬೇಕು. ಅಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದರು, ಕೇಸೂ ಹಾಕಲಿಲ್ಲ. ಆದರೆ ಅದು ಬೇರೆ ರಾಜ್ಯ, ಅಲ್ಲಿಯವರ ಒಪ್ಪಿಗೆ ಬರಬೇಕು, ಅಲ್ಲಿಯವರೆಗೆ ಬೆಂಗಳೂರಿನ ಹತ್ತಿರದ ಪ್ರಾಣಿ ಪುನರ್ವಸತಿ ಕೇಂದ್ರದಲ್ಲಿ ಇರುತ್ತದೆ ಎಂದರು. ಅಪ್ಪನ ಹೊಲಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿಂದ ತರುವಾಗ ಒಂದು ಟವೆಲ್ಲು ಸಾಕಾಗಿತ್ತು.

ಒಪ್ಪಿಗೆ ಬರುವ ಮೊದಲೇ, ಮಳೆಗಾಲದ ಕೊನೆಗೆ, ಆಮೆ ಅಲ್ಲಿ ಸತ್ತುಹೋಯಿತು. ಶೀತಕ್ಕೆ ಎದೆ ಕಟ್ಟಿತ್ತಂತೆ. ಚಿಪ್ಪನ್ನಾದರೂ ಕೊಡಿ, ಬೆಟ್ಟದಲ್ಲಿ ಹೂಳುತ್ತೇನೆ ಎಂದು ಟೀಚರಮ್ಮ ಕೇಳಿಕೊಂಡರು. ಸತ್ತ ಮೇಲೂ ಅದು ಸರ್ಕಾರದ್ದೇ, ಚಿಪ್ಪು ಇಟ್ಟುಕೊಳ್ಳುವುದೂ ಅಪರಾಧವೇ ಎಂದು ಆಫೀಸಿನವರು ತಿಳಿಸಿದರು. ನಾನು ಆ ಕಾಯಿದೆಯನ್ನು ಲೈಬ್ರರಿಯಲ್ಲಿ ಹುಡುಕಿ ಓದಿದೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದನ್ನು ಟೀಚರಮ್ಮನಿಗೆ ಹೇಳಿದಾಗ, "ಸರಿ ಇಲ್ಲ ಅಂತ ನಾನೆಲ್ಲಿ ಅಂದೆ?" ಎಂದು ಒಳಗೆ ಹೋದರು.

ಮುಂದಿನ ಬೇಸಿಗೆಗೆ ಅವರೂ ಇರಲಿಲ್ಲ. ಎರಡು ಸಾವುಗಳಿಗೂ ನಂಟು ಕಲ್ಪಿಸಲು ನನ್ನ ಮನಸ್ಸು ಆಗಾಗ ಹೊಂಚುತ್ತದೆ. ಅವರಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆಯಿತ್ತು ಎಂದು ಅದಕ್ಕೆ ನೆನಪು ಮಾಡುತ್ತೇನೆ. ಆದರೆ ನಡುವೆ, ಆ ಚಳಿಗಾಲದ ಒಂದು ಭಾನುವಾರ, ನನ್ನನ್ನು ಆ ಇಳಿಜಾರಿಗೆ ಕರೆದುಕೊಂಡು ಹೋಗಿದ್ದರು. ಹೊಲ ಎಂದೋ ಬೇರೆಯವರದಾಗಿತ್ತು. ಮೇಲೆ ಬಂಡೆ, ಒಣಹುಲ್ಲು, ಜಾಲಿ.

"ನಾನು ಅಳದೇ ಇದ್ದಿದ್ರೆ ಅದು ಇಲ್ಲೇ ಇರ್ತಿತ್ತು" ಎಂದರು.

ಏನಾದರೂ ಹೇಳಬೇಕಲ್ಲ. "ನೀವಾಗ ತುಂಬ ಚಿಕ್ಕವರು, ಟೀಚರಮ್ಮ" ಎಂದೆ.

ಅವರು ಅಂಗೈಯನ್ನು ಬಟ್ಟಲಿನ ಹಾಗೆ ಮಡಿಸಿ ನೋಡಿಕೊಂಡರು.

"ಅದು ಇನ್ನೂ ಚಿಕ್ಕದಾಗಿತ್ತು ಕಣಮ್ಮ."